ಹಾಲಪ್ಪ ಶಟರ್ ಏರಿಸಿದ್ದು

ಕೂತವರು ಕೂತಲ್ಲೇ ಇರಿ, ಒಬ್ಬ ತಾಯಿ, ಒಬ್ಬ ಮಗನ ಸುದ್ದಿ ಹೇಳ್ತೀನಿ. ತಾಯಿ ಲಗಮವ್ವ, ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಹೊಟ್ಟೆ ಹೊರೆಯುವವಳು. ಗಂಡ ಇಲ್ಲ. ಇದ್ದೊಬ್ಬ ಮಗ ಹಾಲಪ್ಪ. ಮೈ ತುಂಬ ಶಕ್ತಿ, ಮನಸ್ಸು ಹೆಸರಿನಷ್ಟೇ ಬಿಳುಪು, ಬುದ್ಧಿ ಮಾತ್ರ ನೀರು. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವ. "ಒಲಿ ಮ್ಯಾಲ ಹಾಲು ಐತಿ, ನೋಡ್ಕೊಂತ ಕೂಡು" ಅಂದರೆ, ಉಕ್ಕಿ ನೆಲಕ್ಕೆ ಹರಿಯುವ ತನಕ ನೋಡ್ಕೊಂತಲೇ ಕೂಡುವವ.

"ನೀ ಯಾವಾಗ ಶಾಣ್ಯಾ ಆಗ್ತಿಯೋ ನನ್ನಪ್ಪಾ!"

"ನೀ ಹೇಳಿದಾಗ ಆಗ್ತೀನಿ ಬೇ!"

ನಾ ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು ಅಂತ ಲಗಮವ್ವನಿಗೆ ಒಂದೇ ಚಿಂತೆ. ಬಜಾರಿನ ವಿಡಿಯೋ ಅಂಗಡಿ ರಾಚಯ್ಯನ ಕೈಕಾಲು ಹಿಡಿದು ಮಗನನ್ನ ಕೆಲಸಕ್ಕೆ ಹಚ್ಚಿದಳು.

ಮೊದಲ ಕೆಲಸ ಸಾಲಿ ಹುಡುಗರ ಓಟ. ರಾಚಯ್ಯ ಕ್ಯಾಮರಾ ಕೈಗೆ ಕೊಟ್ಟು ಹೇಳಿದ: "ಓಡೋದನ್ನ ಹಿಡಿಯೂ ಮುಂದ ಶಟರ್ ಏರಸ್ಬೇಕು, ನೆನಪಿಟ್ಕೊ! ಇಲ್ಲಂದ್ರ ಎಲ್ಲಾ ಮಂಜ್ ಮಂಜ್ ಬರ್ತದ."

ಹಾಲಪ್ಪ ಮೈದಾನಕ್ಕೆ ಹೋದ. ಮಾಸ್ತರು ಸೀಟಿ ಊದಬೇಕು, ಅಷ್ಟರಲ್ಲಿ ನೆನಪಾಯಿತು. "ತಡೀರ್ರೀ ಮಾಸ್ತರ್ರ!" ಅಂದವನೇ ಬಜಾರಿಗೆ ಓಡಿದ. ಅರ್ಧ ಇಳಿಸಿದ್ದ ಅಂಗಡಿ ಶಟರನ್ನ ಗಡಗಡ ಮೇಲಕ್ಕೆ ಏರಿಸಿದ. ತಿರುಗಿ ಓಡಿ ಬಂದು ಶೂಟಿಂಗ್ ಮಾಡಿದ. ಸಂಜೆಗೆ ನೋಡಿದರೆ ಹುಡುಗರಿಗೆ ಕಾಲೇ ಇಲ್ಲ, ನೆಲಕ್ಕೆ ಸಗಣಿ ಸಾರಣಿ ಬಳಿದ ಹಾಗೆ ಉದ್ದಕ್ಕೆ ಬಳಿದುಕೊಂಡು ಹೋಗಿದ್ದಾರೆ. ಅಂಗಡಿಯೊಳಗೆ ಹೊಕ್ಕ ಆಡು ಮದುವೆ ಫೋಟೋಕ್ಕೆ ಹಿಂದೆ ಕಟ್ಟುವ ಪರದೆ ಮೆಲ್ಲುತ್ತಾ ಕೂತಿದೆ.

"ಅಂಗಡಿ ಶಟರ್ ಅಲ್ಲೋ ಕ್ವಾಣಾ! ಕ್ಯಾಮರಾದಾಗಿನ ಶಟರ್! ಕಣ್ಣಿನ ರೆಪ್ಪಿ ಇದ್ದಂಗ ಅದು. ಲಗೂ ಲಗೂ ಬಡದ್ರ ಓಡೋ ಕಾಲೂ ನಿಂತಂಗ ಕಾಣ್ತದ. ಸಾವಕಾಶ ಬಡದ್ರ ಬಳಕೊಂಡು ಹೋಗ್ತದ. ಇನ್ ಮ್ಯಾಲ ಈ ಗುಂಡಿ ಒತ್ತಿ ಏರಸು!"

"ಏರಸ್ತೀನ್ರೀ ಅಯ್ನೋರ!"

ಮುಂದಿನ ಕೆಲಸ ಒಂದು ಮನೆಯ ನಿಶ್ಚಯ. ಆವತ್ತೇ ಕರೆಂಟ್ ಹೋಗಬೇಕೇ! ಒಳಮನೆಯಲ್ಲಿ ಎರಡು ಕಂದೀಲು, ಅಷ್ಟೇ ಬೆಳಕು. ಹಾಲಪ್ಪ ಮರೆಯಲಿಲ್ಲ, ಶಟರನ್ನ ತುದಿಗೆ ಏರಿಸಿಬಿಟ್ಟ. ರೆಪ್ಪೆ ಅಷ್ಟು ಲಗೂ ಬಡಿದರೆ ಇದ್ದಷ್ಟು ಬೆಳಕೂ ಒಳಗೆ ಹೋಗಲು ಪುರಸತ್ತು ಎಲ್ಲಿ? ಟಿವಿಗೆ ಹಚ್ಚಿದರೆ ಹಂಚಿನ ತಳದ ಹಾಗೆ ಕಪ್ಪು. ಬಳೆ ಸದ್ದು ಕೇಳುತ್ತದೆ, "ಸಕ್ಕರಿ ತಗೋರಿ" ಅನ್ನೋದು ಕೇಳುತ್ತದೆ, ಮನುಷ್ಯರೇ ಇಲ್ಲ.

"ನನ್ನ ಸೊಸಿ ಎಲ್ಲದಾಳೋ?" ಅಂದಳು ಗಂಡಿನ ತಾಯಿ.

"ಅಲ್ಲೇ ಅದಾರ್ರೀ. ಒಂಚೂರೂ ಮಂಜಾಗಿಲ್ಲ!"

ರಾಚಯ್ಯ ತಲೆ ತಲೆ ಬಡಿದುಕೊಂಡ. "ಕತ್ತಲಾಗ ಶಟರ್ ಇಳಸ್ಬೇಕೋ! ಇಳಿಸಿದ್ರ ಬೆಳಕು ತುಂಬ್ಕೊಂತದ!"

"ಇಳಸ್ತೀನ್ರೀ ಅಯ್ನೋರ!"

ಆಮೇಲೆ ಬಂತು ಕುಸ್ತಿ. ಕೊನೆಯ ಜೋಡಿ ಕಣಕ್ಕೆ ಇಳಿಯುವ ಹೊತ್ತಿಗೆ ಹೊತ್ತು ಮುಳುಗಿತು. ಕತ್ತಲಾಯಿತಲ್ಲ ಅಂತ ಹಾಲಪ್ಪ ಶಟರನ್ನ ತಳಕ್ಕೆ ಇಳಿಸಿದ. ಬೆಳಕೇನೋ ತುಂಬಿತು. ಆದರೆ ಇಬ್ಬರು ಪೈಲ್ವಾನರು ಕಲಸಿದ ಹಿಟ್ಟಿನ ಹಾಗೆ ಒಂದೇ ಮುದ್ದೆ! ಯಾರು ಯಾರನ್ನ ಕೆಡವಿದರು ಅಂತ ನೋಡಲು ಬಂದ ಎರಡೂ ಊರಿನವರು ರಾಚಯ್ಯನ ಅಂಗಿ ಹಿಡಿದರು.

"ನಾಳಿಂದ ಬರಬ್ಯಾಡ!" ಅಂದ ರಾಚಯ್ಯ.

ಲಗಮವ್ವ ಮಗನನ್ನ ಮುಂದೆ ಕೂರಿಸಿಕೊಂಡಳು. "ಏನ್ ಮಾಡಿದ್ಯೋ?"

"ಏರಿಸಿದ್ರ ಕಪ್ಪು ಅಂತಾರ, ಇಳಿಸಿದ್ರ ಮಂಜು ಅಂತಾರ. ಅವ್ರು ಅಲ್ಲಾಡ್ತಾರ ಬೇ, ನಾ ಏನ್ ಮಾಡ್ಲಿ?"

ಅವಳಿಗೆ ಕ್ಯಾಮರಾ ಏನು ಗೊತ್ತು? ಮಗನ ಕೈಯಲ್ಲಿ ಕ್ಯಾಮರಾ ಅಲ್ಲಾಡುತ್ತದೇನೋ ಅಂದುಕೊಂಡಳು. "ಹಂಗಾದ್ರ ಇನ್ ಮ್ಯಾಲ ಅಲ್ಲಾಡಗೊಡಬ್ಯಾಡ. ತಿಳೀತಿಲ್ಲೋ? ಒಟ್ಟ ಅಲ್ಲಾಡಗೊಡಬ್ಯಾಡ!"

"ಇಲ್ಲ ಬೇ!"

ಲಗಮವ್ವನಿಗೆ ಒಬ್ಬ ಅಣ್ಣ, ಮಾಳಪ್ಪ. ನೆರೆಯೂರಿನವ. ಡೊಳ್ಳು ಕಟ್ಟಿ ನಿಂತರೆ ಹಾರಿ ಹಾರಿ, ಗಿರಗಿರ ತಿರುಗಿ ಬಾರಿಸುವ ಗಂಡಾಳು. ಸಣ್ಣವಳಿದ್ದಾಗ ಆ ಸದ್ದು ಕೇಳದಿದ್ದರೆ ಲಗಮವ್ವ ಉಣ್ಣುತ್ತಿರಲಿಲ್ಲ. ಅವನು ಹೇಳಿ ಕಳಿಸಿದ: "ಮಣಕಾಲು ಒಲ್ಲೆ ಅಂತಾವ ತಂಗೀ. ಈ ಐತವಾರ ಕಡೀ ಸಲ ಕಟ್ತೀನಿ. ಬಾ."

ಲಗಮವ್ವ ಮತ್ತೆ ರಾಚಯ್ಯನ ಅಂಗಡಿಗೆ ಹೋದಳು. "ಅಣ್ಣನ ಡೊಳ್ಳು ಒಂದು ಉಳೀಲಿ ಅಯ್ನೋರ" ಅಂತ ಕಣ್ಣೀರು ಹಾಕಿದಳು. ರಾಚಯ್ಯ ಮೂಲೆಯಲ್ಲಿದ್ದ ಹಳೇ ಕ್ಯಾಮರಾ ಕೊಟ್ಟ. ಐತವಾರ ಬೆಳಗ್ಗೆ ನೋಡಿದರೆ ಅವಳಿಗೆ ಕೆಂಡದಂಥ ಜ್ವರ, ಏಳಲು ಆಗಲಿಲ್ಲ. ಒಬ್ಬನೇ ಹೊರಟ ಮಗನಿಗೆ ಹಾಸಿಗೆಯಿಂದಲೇ ಕೂಗಿ ಕೇಳಿದಳು:

"ಹಾಲ್ಯಾ, ನೆನಪೈತಿಲ್ಲೋ?"

"ಐತಿ ಬೇ! ಅಲ್ಲಾಡಗೊಡಂಗಿಲ್ಲ!"

ಸಂಜೆ ನಕ್ಕೋತ ಬಂದ. "ಹೆಂಗ್ ಬಂತೋ?" "ಒಂದ್ ಕೂದಲೂ ಮಂಜಾಗಿಲ್ಲ ಬೇ!" ಲಗಮವ್ವ ಆ ಜ್ವರದಲ್ಲೂ ಮಗನ ಗಲ್ಲ ಸವರಿದಳು. ಅಣ್ಣನ ಜೋಡಿ ಕೂತೇ ನೋಡೋಣ ಅಂತ ಆ ವಿಡಿಯೋವನ್ನ ಹಾಗೇ ಎತ್ತಿಟ್ಟಳು.

ಆ ತಿಂಗಳು ಮುಗಿಯುವುದರೊಳಗೆ ಸುದ್ದಿ ಬಂತು. ಮಾಳಪ್ಪನಿಗೆ ಲಕ್ವಾ ಹೊಡೆದಿದೆ, ಬಲಗೈ ಬಲಗಾಲು ಬಿದ್ದಿವೆ.

ತಾಯಿ ಮಗ ಓಡಿದರು. ಮಾಳಪ್ಪ ಹೊರಸಿನ ಮೇಲೆ ಮಲಗಿದ್ದ. ಬಾಯಿ ಸೊಟ್ಟಾಗಿತ್ತು, ಮಾತು ತೊದಲುತ್ತಿತ್ತು. ತಂಗಿಯ ಮುಖ ನೋಡಿ ಅಂದ: "ನನ್ ಡೊಳ್ಳು... ಹಚ್ಚವಾ. ಒಮ್ಮಿ ಕೇಳ್ತೀನಿ."

ಓಣಿಯವರೆಲ್ಲ ಬಂದು ಕೂತರು. ಹಾಲಪ್ಪ ಟಿವಿಗೆ ಹಚ್ಚಿದ.

ಮಾಳಪ್ಪ ನಿಂತಿದ್ದಾನೆ. ಕೊರಳಲ್ಲಿ ಡೊಳ್ಳು. ಬಲಗೈಯಲ್ಲಿ ಕೋಲು, ಕೈ ಮೇಲೆ ಎತ್ತಿದೆ. ಎಷ್ಟು ಚೊಕ್ಕ! ಮೀಸೆಯ ಒಂದೊಂದು ಕೂದಲು ಎಣಿಸಬಹುದು. ಜನ ಕಾದರು. ಕೋಲು ಕೆಳಗೆ ಬರಲಿಲ್ಲ. ಟಿವಿಯೊಳಗೆ ಎಲ್ಲೋ ಒಂದು ಹುಂಜ ಕೂಗಿತು, ಯಾರೋ ಕೆಮ್ಮಿದರು. ಕೋಲು ಎತ್ತಿದಲ್ಲೇ ಇತ್ತು. ಮುಗಿದೇ ಹೋಯಿತು.

"ಡೊಳ್ಳೆಲ್ಲೋ ಹಾಲ್ಯಾ?"

"ಬಾರಿಸಿದ್ರು ಬೇ! ಮೊದ್ಲ ನಾ 'ಅಲ್ಲಾಡಬ್ಯಾಡ್ರಿ ಮಾವಾ' ಅಂದೆ. ಫೋಟೋ ತಗೀತಾನ ಅಂತ ತಿಳ್ಕೊಂಡು ನಿಂತ್ರು. ಆಮ್ಯಾಲ ಕ್ಯಾಮರಾ ಚೀಲದಾಗ ಇಟ್ಟು, 'ಇನ್ ಬಾರಸ್ರಿ' ಅಂದೆ. ಏನ್ ಬಾರಿಸಿದ್ರು ಅಂತಿ! ಮಣಕಾಲು ನೋವು ಎಲ್ಲಿ ಹೋತೋ! ಮುದುಕರೆಲ್ಲಾ ಎದ್ದು ನಿಂತ್ರು. ನಾನೂ ಕುಣದೆ!"

"ಅದನ್ಯಾಕ ಹಿಡೀಲಿಲ್ಲೋ?"

"ಅದು ಅಲ್ಲಾಡ್ತಿತ್ತಲ್ಲ ಬೇ!"

ಲಗಮವ್ವ ಹೊಡೆಯಲು ಕೈ ಎತ್ತಿದಳು. ಅಲ್ಲಾಡಗೊಡಬ್ಯಾಡ ಅಂದವಳು ತಾನೇ. ಎತ್ತಿದ ಕೈಯಿಂದ ತನ್ನ ಹಣೆ ಬಡಿದುಕೊಂಡು ಅಣ್ಣನ ಹೊರಸಿನ ಪಕ್ಕ ಕುಸಿದಳು. ಅವನ ಬಲಗೈ ತಗೊಂಡು ತೊಡೆ ಮೇಲೆ ಇಟ್ಟುಕೊಂಡಳು. ಆ ಕೈ ತಣ್ಣಗಿತ್ತು, ಭಾರವಾಗಿತ್ತು. ಬೈಯಬೇಕು ಅನಿಸಲಿಲ್ಲ, ಬುದ್ಧಿ ಹೇಳಬೇಕು ಅಂತಲೂ ಅನಿಸಲಿಲ್ಲ.

"ಹ್ವಾದ ಗಳಿಗಿ ಹಿಂದಕ್ಕ ಬರ್ತದೇನೋ ನನ್ನ ಮಗನ..." ಅಂತ ಅತ್ತಳು.

ಹಾಲಪ್ಪನ ಮುಖ ಅರಳಿತು. "ಬರ್ತದಲ್ಲ ಬೇ! ಅದಕ್ಯಾಕ ಅಳ್ತಿ?"

ಅಂದವನೇ ರಿಮೋಟ್ ಒತ್ತಿ ವಿಡಿಯೋವನ್ನ ಮೊದಲಿಗೆ ತಂದು, ಸದ್ದು ದೊಡ್ಡದು ಮಾಡಿ, ತಾಯಿ ಪಕ್ಕ ಬಂದು ಕೂತ.