ಕಚ್ಚಿದ ನಾಯಿಯ ಒಡೆಯ

"ಗುರುಗಳೇ, ನಾನು ಮಠಕ್ಕೆ ಬಂದು ಒಂಬತ್ತು ವರ್ಷವಾಯಿತು. ಮುರಿಗೆಪ್ಪ ಬಂದದ್ದು ಹೋದ ವರ್ಷ. ಊರವರೆಲ್ಲ ಅವನನ್ನೇ ಹಚ್ಚಿಕೊಂಡಿದ್ದಾರೆ. ನನ್ನಲ್ಲಿಲ್ಲದ್ದು ಅವನಲ್ಲಿ ಏನಿದೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಎದುರುಮನೆಯಲ್ಲಿ ಒಬ್ಬ ಕುಂಬಾರ. ವ್ಯಾಪಾರಿಗೆ ಮಹಡಿ ಮನೆ, ತುಂಬಿದ ಅಂಗಡಿ, ಯಾವುದಕ್ಕೂ ಕಡಿಮೆಯಿರಲಿಲ್ಲ. ಕುಂಬಾರನಿಗೆ ಇದ್ದದ್ದು ಒಂದು ತಿಗರಿ, ಒಂದು ಕಂದು ನಾಯಿ. ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದುದು ಆ ನಾಯಿಯನ್ನೇ. ನಾಯಿ ಅಂದರೆ ಹೀಗಿರಬೇಕಪ್ಪ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ವ್ಯಾಪಾರಿಯ ಹೊಟ್ಟೆ ಉರಿಯುತ್ತಿತ್ತು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಇಂಥದೇ ಬೇಕೆಂದಿದೆಯೇ? ಅರಸನ ಆನೆ ಕಂಡರೂ ಉರಿ, ಕುಂಬಾರನ ನಾಯಿ ಕಂಡರೂ ಉರಿ.

ನಾಯಿ ಸಾಕುವವರಿಗೆ ಆ ಊರಿನಲ್ಲಿ ಕಟ್ಟಳೆಯಿತ್ತು. ನಾಯಿಗೆ ಒಡೆಯನ ಗುರುತಿರುವ ಕೊರಳಪಟ್ಟಿ ಹಾಕಬೇಕು. ಜನ ಓಡಾಡುವ ಹೊತ್ತಿನಲ್ಲಿ ಕಟ್ಟಿಹಾಕಬೇಕು. ಅದು ಯಾರನ್ನಾದರೂ ಕಚ್ಚಿದರೆ, ಗಾಯ ಮಾಯುವವರೆಗೆ ಅವರ ಕೆಲಸವನ್ನು ಒಡೆಯನೇ ಮಾಡಬೇಕು. ಒಡೆಯನಿಲ್ಲದ ನಾಯಿ ಕಚ್ಚಿದರೆ ಅದನ್ನು ಹೊಡೆದುಹಾಕುತ್ತಿದ್ದರು.

ವ್ಯಾಪಾರಿ ಕುಂಬಾರನ ನಾಯಿಗೆ ದಿನಾ ತುಪ್ಪ ಸವರಿದ ರೊಟ್ಟಿ ಹಾಕತೊಡಗಿದ. ನಾಯಿಯಲ್ಲವೇ, ತಿಂಗಳೊಪ್ಪತ್ತಿನಲ್ಲಿ ಬೀದಿ ದಾಟಿ ಅವನ ಬಾಗಿಲಲ್ಲಿ ಮಲಗಿತು. ಅವನು ಕುಂಬಾರನ ಪಟ್ಟಿ ಬಿಚ್ಚಿ ತನ್ನದನ್ನು ಕಟ್ಟಿದ. ಕುಂಬಾರ ಜಗಳಕ್ಕೆ ಬಂದಾನು ಎಂದು ಆಸೆಯಿಂದ ಕಾದ. ಕುಂಬಾರ ಬಂದವನು, ಹೊಸಬರನ್ನು ಕಂಡರೆ ಅದಕ್ಕಾಗದು, ಬೆಳಗಿನ ಹೊತ್ತು ಕಟ್ಟಿಹಾಕಿ ಎಂದಷ್ಟೇ ಹೇಳಿ, ಕಣ್ಣೊರೆಸಿಕೊಂಡು ಹೋದ. ಪಾಪ, ಹೊಟ್ಟೆಕಿಚ್ಚು ಎಂದು ವ್ಯಾಪಾರಿ ಹಿಗ್ಗಿದ. ಕಟ್ಟಿಹಾಕಿದರೆ ನಾಲ್ಕು ಜನ ನೋಡುವುದು ಹೇಗೆ? ಅಂಗಡಿಯ ಮುಂದೆ ಬಿಟ್ಟೇ ಇಟ್ಟ.

ಒಂದು ಬೆಳಿಗ್ಗೆ ಪರವೂರಿನ ಬಳೆಗಾರ್ತಿ ಅಂಗಡಿಯ ಮೆಟ್ಟಿಲು ಹತ್ತಿದಳು. ನಾಯಿ ಅವಳ ಬಲಗೈಗೆ ಬಾಯಿ ಹಾಕಿತು.

ಚಾವಡಿಯಿಂದ ವ್ಯಾಪಾರಿಗೆ ಕರೆ ಬಂತು. ತಾನು ಬಳೆಬುಟ್ಟಿ ಹೊತ್ತು ಬೀದಿ ಸುತ್ತುವುದೇ? ಪಟ್ಟಿ ಕತ್ತರಿಸಿ ಒಲೆಗೆ ಹಾಕಿದ. ಅದು ಬೀದಿನಾಯಿ, ಕರುಣೆಯಿಂದ ಒಂದು ತುತ್ತು ಹಾಕುತ್ತಿದ್ದೆ ಎಂದು ಪಂಚರ ಮುಂದೆ ಕೈ ತೊಳೆದುಕೊಂಡ. ಹಾಗಾದರೆ ದೊಣ್ಣೆ ತನ್ನಿ ಎಂದರು ಪಂಚರು.

ಆಗ ಕುಂಬಾರ ಎದ್ದು ನಿಂತ. "ಮರಿಯಿಂದ ಸಾಕಿದವನು ನಾನು. ಅದರ ಹಲ್ಲೂ ನನ್ನದೇ" ಎಂದ.

ನಾಯಿ ಯಾರ ಬಾಗಿಲಲ್ಲಿತ್ತೆಂದು ಪಂಚರಿಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಒಪ್ಪಿಕೊಂಡವನಿಗೇ ಬುಟ್ಟಿ ಹೊರಿಸಿದರು. ತಿಗರಿ ನಿಂತಿತು. ಕುಂಬಾರ ಬುಟ್ಟಿ ಹೊತ್ತು ಬಳೆಗಾರ್ತಿಯ ಹಿಂದೆ ಮನೆಮನೆ ತಿರುಗಿದ. ಮೊದಲ ದಿನ ತೊಡಿಸಿದ್ದಕ್ಕಿಂತ ಒಡೆದ ಬಳೆಗಳೇ ಹೆಚ್ಚು. ಹೆಂಗಸರು ನಕ್ಕರು, ಆಮೇಲೆ ಕರೆದು ಮಜ್ಜಿಗೆ ಕೊಟ್ಟರು. ಮಣ್ಣು ತಿದ್ದಿದ ಬೆರಳುಗಳು, ನಾಲ್ಕೇ ದಿನದಲ್ಲಿ ಹದ ಕಲಿತವು. ಹಗ್ಗ ಕಟ್ಟಿದ ನಾಯಿ ಅವನ ಜೊತೆಗೇ ನಡೆಯುತ್ತಿತ್ತು. ದಾರಿಯುದ್ದಕ್ಕೂ ಜನ ಕೈಮುಗಿಯುತ್ತಿದ್ದರು.

ವ್ಯಾಪಾರಿ ಅಂಗಡಿಯಲ್ಲಿ ಕೂತು ಇದೆಲ್ಲ ನೋಡಿದ. ನಾಯಿಯೂ ಹೋಯಿತು, ಜನವೂ ಕುಂಬಾರನ ಕಡೆಗೇ ಹೋಯಿತು. ಈಗ ಆ ಬುಟ್ಟಿಯ ಮೇಲೂ ಅವನಿಗೆ ಹೊಟ್ಟೆಕಿಚ್ಚು ಹುಟ್ಟಿತು. ತಡೆಯಲಾರದೆ ಒಂದು ದಿನ ಚಾವಡಿಗೆ ಓಡಿದ.

"ನಾಯಿ ನನ್ನದು. ಬುಟ್ಟಿಯನ್ನು ನನಗೆ ಕೊಡಿಸಿ" ಎಂದ.

"ಬಳೆಗಾರ್ತಿಯ ಕೈ ನಿನ್ನೆಯೇ ವಾಸಿಯಾಯಿತಲ್ಲಪ್ಪ" ಎಂದರು ಪಂಚರು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ನಗು ಬಂತು. ಎಂಥ ನಾಚಿಕೆಗೆಟ್ಟ ಮನುಷ್ಯ ಎಂದ.

ಗುರುಗಳು ನಗಲಿಲ್ಲ. "ಹುಣ್ಣಿಮೆಯ ದಾಸೋಹದಲ್ಲಿ ಪಾಯಸ ಸೀದಾಗ ತಪ್ಪು ತನ್ನದೆಂದವನು ಮುರಿಗೆಪ್ಪ, ಒಲೆಯ ಮುಂದೆ ಇದ್ದವನು ಯಾರು, ಚೆನ್ನವೀರ?" ಎಂದು ಕೇಳಿದರು.

"ನಾನೇ, ಗುರುಗಳೇ" ಎಂದ ಚೆನ್ನವೀರ.