ಹಲಸಿನ ಬಾಗಿಲಿನ ಗಂಟು

ಹೊಸ ಮನೆಯ ಒಳಕೋಣೆಗೆಂದು ಮಾಡಿಸಿದ ಹಲಸಿನ ಬಾಗಿಲೊಂದು ಮಧ್ಯಾಹ್ನದ ಎಳೆನಿದ್ದೆಯಲ್ಲಿ ಗೋಡೆಗೊರಗಿ ತೂಕಡಿಸುತ್ತಿತ್ತು. ಅದರ ನಡುವೆ ಒಂದು ದೊಡ್ಡ ಗಂಟು ಇತ್ತು. ಮರವಾಗಿದ್ದಾಗ ಅಲ್ಲಿಂದ ಕೊಂಬೆ ಚಾಚಿತ್ತು. ಆ ಗಂಟಿನಿಂದ ಬಾಗಿಲಿಗೆ ನಾಚಿಕೆ.

ಬಣ್ಣದ ಡಬ್ಬಿ ಹೇಳಿತು: "ಚಿಂತಿಸಬೇಡ. ಪುಟ್ಟಿ ಮೆತ್ತಿ ಸಮ ಮಾಡಿದ ಮೇಲೆ ನಾನು ಹರಡಿಕೊಂಡರೆ ನಿನ್ನ ಗಂಟು ಯಾರಿಗೂ ತಿಳಿಯದು."

"ನೀನೇನು ಮಾಡಬಲ್ಲೆ?" ಎಂದು ಬಾಗಿಲು ಪಕ್ಕದಲ್ಲಿದ್ದ, ಮರಕ್ಕೆ ಹಚ್ಚುವ ಅಗಸೆ ಎಣ್ಣೆಯನ್ನು ಕೇಳಿತು.

"ನಾನು ಮುಚ್ಚಲಾರೆ, ಒಳಗಿಳಿಯುತ್ತೇನೆ. ಇರುವುದು ಇನ್ನಷ್ಟು ಕಾಣುತ್ತದೆ."

"ಹಾಗಾದರೆ ನನಗೆ ಬಣ್ಣವೇ ಇರಲಿ," ಎಂದಿತು ಬಾಗಿಲು.

ಬಡಗಿ ಮೌನೇಶ ಬಣ್ಣ ಕಲಕುತ್ತಿದ್ದಾಗ ಆ ಮನೆಯ ಅಜ್ಜಿ ನೀಲವ್ವ ಗೋಡೆ ತಡವುತ್ತ ಬಂದಳು. ಅವಳ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಬಣ್ಣ ಒಣಗಿದ ಬೇರೆ ಬಾಗಿಲುಗಳ ಮೇಲೆ ಅವಳ ಕೈ ಸುಮ್ಮನೆ ಜಾರಿತ್ತು. ಯಾವುದು ಯಾವ ಕೋಣೆಯದೆಂದು ಅವಳಿಗೆ ತಿಳಿದಿರಲಿಲ್ಲ. ಇಲ್ಲಿ ಗಂಟು ಸಿಕ್ಕಿದೊಡನೆ ಕೈ ನಿಂತಿತು.

"ಮೌನೇಶಪ್ಪಾ, ಇದನ್ನ ನನ್ನ ಕೋಣೆಗೆ ಹಾಕು. ಬಣ್ಣ ಬ್ಯಾಡ, ಎಣ್ಣೆ ಸಾಕು."

"ಗಂಟು ಎದ್ದು ಕಾಣ್ತದ, ಅವ್ವಾ."

"ಕಾಣೋರಿಗೆ ಕಾಣಲಿ. ನನ್ನ ಕೈಗೆ ಅದು ಸಿಗಬೇಕು."

ಬಾಗಿಲು ಎಣ್ಣೆಗೆ ಮೆಲ್ಲಗೆ, "ಒಳಗೆ ಬಾ," ಎಂದಿತು.

ಮೂರು ಸಲ ಎಣ್ಣೆ ಕುಡಿದ ಬಾಗಿಲಿಗೆ ಗಾಢವಾದ ನಿದ್ದೆ ಬಂತು. ಕನಸಿನಲ್ಲಿ ಅದು ಮತ್ತೆ ಮರವಾಗಿತ್ತು. ಅದರ ಕೊಂಬೆಯ ಮೇಲೆ ಮುದುಕಿಯ ಕೈಯೊಂದು ಹಕ್ಕಿಯಂತೆ ಬಂದು ಕೂತಿತ್ತು.