ಚೌಕದ ಬಿಲ್ಲೆ, ದುಂಡು ಬಿಲ್ಲೆ

“ಗುರುಗಳೇ, ತೂಕವೂ ಸಂಖ್ಯೆ, ದಿನವೂ ಸಂಖ್ಯೆ. ಹೀಗಿರುವಾಗ ಪ್ರೋಗ್ರಾಮಿನಲ್ಲಿ ಒಂದೊಂದಕ್ಕೂ ‘ಇದು ತೂಕ’, ‘ಇದು ದಿನ’ ಎಂದು ಬೇರೆ ಬೇರೆ ಟೈಪಿನ ಹೊದಿಕೆ ಏಕೆ ಹಾಕಬೇಕು? ಪ್ರೋಗ್ರಾಮ್ ಓಡುವಾಗ ಆ ಹೊದಿಕೆ ಉಳಿಯುವುದೂ ಇಲ್ಲವಲ್ಲ” ಎಂದು ಶಿಷ್ಯ ಚೆನ್ನವೀರ ಕೇಳಿದನು. ಹೊದಿಕೆಗಾಗಿ ಹೆಚ್ಚಿಗೆ ಬರೆಯಬೇಕಾದ ನಾಲ್ಕು ಸಾಲು ಅವನಿಗೆ ಬೇಸರ ತಂದಿತ್ತು.

“ನಾಲ್ಕು ಸಾಲಿಗೇ ಬೆರಳು ಸವೆಯಿತೇ? ಕುಳಿತುಕೋ” ಎಂದು ಗುರುಗಳು ನಕ್ಕು ಹೇಳತೊಡಗಿದರು.

ಒಬ್ಬ ವೈದ್ಯನಿದ್ದನು. ಹೊರಗಿನ ಕೋಣೆಯಲ್ಲಿ ಅವನು ನಾಡಿ ನೋಡುತ್ತಿದ್ದನು. ಒಳಗಿನ ಕೋಣೆಯಲ್ಲಿ ಅವನ ತಂಗಿ ಪುಡಿ ತೂಗಿ ಪೊಟ್ಟಣ ಕಟ್ಟುತ್ತಿದ್ದಳು. ನಡುವೆ ಗೋಡೆ, ಗೋಡೆಯಲ್ಲಿ ಕೈ ಹಿಡಿಸುವಷ್ಟು ಕಿಂಡಿ. ರೋಗಿಯ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಎರಡೇ ಸಂಖ್ಯೆ: ದಿನಕ್ಕೆ ಎಷ್ಟು ಗುಲಗಂಜಿ ತೂಕ, ಒಟ್ಟು ಎಷ್ಟು ದಿನ.

ಅವರ ತಂದೆ ಒಂದು ಪದ್ಧತಿ ಮಾಡಿಟ್ಟಿದ್ದನು. ತೂಕವನ್ನು ಚೌಕದ ಬಿಲ್ಲೆಯ ಮೇಲೆ, ದಿನವನ್ನು ದುಂಡು ಬಿಲ್ಲೆಯ ಮೇಲೆ ಬರೆದು ಕಿಂಡಿಯಲ್ಲಿ ಕೊಡಬೇಕು. ತಕ್ಕಡಿಯ ಪಕ್ಕ ಚೌಕದ ಕುಳಿ, ಪೊಟ್ಟಣದ ಕಾಗದದ ಪಕ್ಕ ದುಂಡು ಕುಳಿ. ಒಂದರ ಬಿಲ್ಲೆ ಇನ್ನೊಂದರಲ್ಲಿ ಕೂರುತ್ತಿರಲಿಲ್ಲ. ಪೊಟ್ಟಣ ಕಟ್ಟಿದ ಮೇಲೆ ಬಿಲ್ಲೆಗಳು ಕಿಂಡಿಯಿಂದ ಹೊರಗೆ ಮರಳುತ್ತಿದ್ದವು. ಔಷಧಕ್ಕೆ ಅವುಗಳಿಂದ ಕೂದಲೆಳೆಯಷ್ಟೂ ಭಾರ ಹೆಚ್ಚುತ್ತಿರಲಿಲ್ಲ.

ಒಂದು ವರ್ಷ ಊರಿಗೆಲ್ಲ ಜ್ವರ ಬಂತು. ಬಾಗಿಲಲ್ಲಿ ಜನ ಕಿಕ್ಕಿರಿದರು. ವೈದ್ಯ ತಂಗಿಗೆ, “ಈ ಮಕ್ಕಳಾಟ ಸಾಕು. ನಾನು ಕೂಗಿ ಹೇಳುತ್ತೇನೆ. ಮೊದಲನೆಯದು ತೂಕ, ಎರಡನೆಯದು ದಿನ” ಎಂದನು. ಅವನೂ ನಿನ್ನ ಹಾಗೆ ಬುದ್ಧಿವಂತ. ಇಪ್ಪತ್ತು ದಿನ ಒಂದು ತಪ್ಪೂ ಆಗಲಿಲ್ಲ.

ಇಪ್ಪತ್ತೊಂದನೆಯ ದಿನ ನೇಕಾರರ ಹೆಂಗಸೊಬ್ಬಳು ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ವೈದ್ಯ ನಾಡಿ ನೋಡಿ, ಎರಡು ಗುಲಗಂಜಿ, ಒಂಬತ್ತು ದಿನ ಎಂದು ಮನಸ್ಸಿನಲ್ಲೇ ಗೊತ್ತುಮಾಡಿದನು. ಅಷ್ಟರಲ್ಲಿ ತಾಯಿ, “ಎಷ್ಟು ದಿನ ಕೊಡ್ಬೇಕು ಪಂಡಿತರೇ?” ಎಂದು ಕೇಳಿದಳು. “ಒಂಬತ್ತು” ಎಂದನು. ಅದೇ ಉಸಿರಿನಲ್ಲಿ ಕಿಂಡಿಯ ಕಡೆ ತಿರುಗಿ “ಎರಡು” ಎಂದನು.

ಒಳಗೆ ತಂಗಿಗೆ ಕೇಳಿಸಿದ್ದು ಒಂಬತ್ತು, ಎರಡು. ಬೆಳೆದ ಗಂಡಸಿಗೆ ಒಂಬತ್ತು ಗುಲಗಂಜಿ ದಿನವೂ ಹೋಗುವ ತೂಕವೇ. ಅನುಮಾನಪಡಲು ಏನಿತ್ತು? ಅವಳು ದಿನಕ್ಕೊಂದರಂತೆ ಒಂಬತ್ತೊಂಬತ್ತು ಗುಲಗಂಜಿಯ ಎರಡು ಪೊಟ್ಟಣ ಕಟ್ಟಿ ಕೊಟ್ಟಳು. ಉಳಿದದ್ದನ್ನು ಆಮೇಲೆ ಕೊಡುತ್ತಾರೇನೋ ಎಂದುಕೊಂಡು ತಾಯಿ ಹೊರಟುಹೋದಳು.

ಮೂರನೆಯ ದಿನ ಅವಳು ಒಬ್ಬಳೇ ಬಂದಳು. ಒಂದು ಪೊಟ್ಟಣವನ್ನು ವೈದ್ಯನ ಮುಂದಿಟ್ಟಳು.

“ಮಗು ಉಳೀಲಿಲ್ಲ ಪಂಡಿತರೇ. ಇದೊಂದು ಮಿಕ್ಕಿತು. ಬೇರೆ ಯಾರ ಮಗೂಗಾದ್ರೂ ಆಗುತ್ತೆ, ಇಟ್ಕೊಳ್ಳಿ” ಎಂದಳು.

ಅವಳು ಹೋದ ಮೇಲೆ ವೈದ್ಯ ಆ ಪೊಟ್ಟಣವನ್ನು ಬಿಚ್ಚಿ ತಕ್ಕಡಿಗೆ ಹಾಕಿದನು. ತಂಗಿಯೂ ಬಂದು ನೋಡಿದಳು. ಇಬ್ಬರೂ ಅಲ್ಲೇ ಕುಳಿತು ಅತ್ತರು. ಅಂದಿನಿಂದ ಅವಳು ತಕ್ಕಡಿ ಮುಟ್ಟಲಿಲ್ಲ.

ಕತೆ ಮುಗಿಯುವಾಗ ಗುರುಗಳ ದನಿಯಲ್ಲಿ ನಗುವಿರಲಿಲ್ಲ. ಚೆನ್ನವೀರನಿಗೂ ಸಂಕಟವಾಯಿತು. ಆದರೂ ಅವನು ಬಿಡಲಿಲ್ಲ.

“ಪಾಪ, ಹಾಗಾಗಬಾರದಿತ್ತು. ಆದರೆ ಗುರುಗಳೇ, ನಾನು ಎಚ್ಚರದಿಂದ ಬರೆಯುತ್ತೇನಲ್ಲ” ಎಂದನು.

“ಆ ಒಂಬತ್ತು ಗುಲಗಂಜಿಯನ್ನು ಅವಳೂ ಎಚ್ಚರದಿಂದಲೇ ತೂಗಿದ್ದಳು” ಎಂದರು ಗುರುಗಳು.